ಪೆರ್ಡೂರಿನ ಗದ್ದೆಯ ಮೇಲೆ ಮಾರುತ್

ಬಾಳೆಗೊನೆಗಳನ್ನು ಬದಿಗೆ ಸರಿಸಿ, ತಕ್ಕಡಿಯ ತಟ್ಟೆಯನ್ನು ಬಟ್ಟೆಯಲ್ಲಿ ಒರೆಸಿ, ‘ಇಡಿ ಮಾರ್ರೆ, ಎಷ್ಟುಂಟು ನೋಡುವಾ’ ಎಂದರು ರಥಬೀದಿಯ ಹಣ್ಣಿನಂಗಡಿಯವರು. ಉಡುಪಿ ಕಡೆಯ ನಮ್ಮೂರು ಪೆರ್ಡೂರಿನ ದೇವರು ಅನಂತಪದ್ಮನಾಭ ಕದಳೀಪ್ರಿಯ. ಹರಕೆಯ ಬಾಳೆಹಣ್ಣಿಗೆ ಇಲ್ಲಿ ವರ್ಷವಿಡೀ ಗಿರಾಕಿಗಳುಂಟು. ಅದೇ ತಕ್ಕಡಿಯ ಮೇಲೆ ಆ ದಿನ ನಾನೂ ನನ್ನ ಅಕ್ಕನ ಮಗನೂ ಸೇರಿ ಮೆಲ್ಲಗೆ ಇಟ್ಟದ್ದು ಒಂದು ಯುದ್ಧವಿಮಾನ. ಮೂಗಿನಿಂದ ಬಾಲದವರೆಗೆ 132 ಸೆಂಟಿಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 75. ಕೆಂಪು ಅಂಕಿ ಅಲುಗಾಡಿ ನಿಂತಿತು: ಬ್ಯಾಟರಿ ಸಮೇತ 712 ಗ್ರಾಂ. ಹುಡುಗ ನನ್ನ ಮುಖ ನೋಡಿದ. 700 ದಾಟಬಾರದು ಎಂದು ಮಳೆಗಾಲವಿಡೀ ಅವನ ಕಿವಿಯಲ್ಲಿ ಹೇಳುತ್ತ ಬಂದವನು ನಾನು. ಹೆಚ್ಚಾದ 12 ಗ್ರಾಂ ಎಂದರೆ ಒಂದು ಪುಟ್ಟ ಸರ್ವೋ ಮೋಟಾರು ಮತ್ತು ಅದರ ತಂತಿಯ ಭಾರ. ಅಷ್ಟನ್ನು ರೆಕ್ಕೆ ಹೊರುತ್ತದೆ ಎಂದೆ. ಅವನ ಮುಖ ಅರಳಿತು.

ಆ ವಿಮಾನ ಮಾರುತ್. ಪೂರ್ತಿ ಹೆಸರು ಎಚ್‌ಎಫ್‌-24 ಮಾರುತ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು, ಅಲ್ಲೇ ತಯಾರಾಗಿ, ಅಲ್ಲಿಂದಲೇ ಮೊದಲ ಸಲ ಹಾರಿದ ಜೆಟ್ ಯುದ್ಧವಿಮಾನ. ರೇಡಿಯೋ ನಿಯಂತ್ರಣದ ಮಾದರಿ ವಿಮಾನ ಕಟ್ಟುವ ಹವ್ಯಾಸಕ್ಕೆ ಬಿದ್ದವರು ಬಹುಮಟ್ಟಿಗೆ ಸ್ಪಿಟ್‌ಫೈರ್, ಮಸ್ಟಾಂಗ್, ಜಪಾನಿನ ಝೀರೋ, ಜರ್ಮನಿಯ ಫಾಕೆ-ವುಲ್ಫ್ 190 ಇವುಗಳ ಹಿಂದೆ ಹೋಗುತ್ತಾರೆ. ಕಿಟ್‌ಗಳು ಪೆಟ್ಟಿಗೆಯಲ್ಲೇ ಬರುತ್ತವೆ. ನಕ್ಷೆ, ಬಣ್ಣದ ಅಂಟುಚಿತ್ರ, ಪುಟ್ಟ ಪೈಲಟ್ ಗೊಂಬೆ ಎಲ್ಲ ಅದರೊಳಗೇ ಇರುತ್ತದೆ. ನಮ್ಮ ಹುಡುಗ ಮೊದಲು ಕೇಳಿದ್ದೂ ಸ್ಪಿಟ್‌ಫೈರನ್ನೇ. ನಾನು ಅವನಿಗೆ ಒಂದು ಕತೆ ಹೇಳಿದೆ.

ಫಾಕೆ-ವುಲ್ಫ್ 190ರ ವಿನ್ಯಾಸ ಮಾಡಿದವರು ಕುರ್ಟ್ ಟ್ಯಾಂಕ್. 1939ರಲ್ಲಿ ಮೊದಲು ಹಾರಿದ ಆ ವಿಮಾನ ಯುದ್ಧ ಮುಗಿಯುವ ಹೊತ್ತಿಗೆ 20 ಸಾವಿರ ದಾಟಿತ್ತು. ಇವತ್ತಿಗೂ ಲೋಕದ ಯಾವ ಮಾದರಿ ವಿಮಾನದ ಮೈದಾನಕ್ಕೆ ಹೋದರೂ ಅದರ ಮರಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ಅದೇ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ಜರ್ಮನ್ ಸಹಾಯಕರೊಡನೆ ಬೆಂಗಳೂರಿಗೆ ಬಂದರು. ಎಚ್‌ಎಎಲ್‌ನ ನಮ್ಮ ಎಂಜಿನಿಯರುಗಳ ಜೊತೆ ಕೂತು ಅವರು ಬರೆದ ವಿಮಾನವೇ ಮಾರುತ್. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಅದನ್ನು ಮೊದಲ ಸಲ ಆಕಾಶಕ್ಕೆ ಏರಿಸಿದರು. ಮುಂದೆ 1970ರ ಜನವರಿಯಲ್ಲಿ ಮಾರುತ್‌ನದೇ ಒಂದು ಪರೀಕ್ಷಾ ಹಾರಾಟದಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಆ ಹೆಸರು ಯಾರದೆಂದು ಗೊತ್ತಿಲ್ಲ ಎಂಬುದು ನನಗೆ ಸಂಕಟದ ಸಂಗತಿ.

ಒಂದೇ ಕೈ ಬರೆದ ಎರಡು ವಿಮಾನ. ಒಂದು ಲೋಕದ ಹವ್ಯಾಸಿಗಳ ಮನೆಮನೆಯಲ್ಲಿದೆ. ಇನ್ನೊಂದು ನಮ್ಮ ರಾಜ್ಯದ ರಾಜಧಾನಿಯಲ್ಲಿ ಹುಟ್ಟಿದ್ದು. ಅದನ್ನು ನಾವು ಕಟ್ಟದಿದ್ದರೆ ಮತ್ಯಾರು ಕಟ್ಟಬೇಕು? ಕತೆ ಮುಗಿದ ಮೇಲೆ ಹುಡುಗ ಸ್ಪಿಟ್‌ಫೈರ್ ಸುದ್ದಿ ಎತ್ತಲಿಲ್ಲ.

ಮಾರುತ್‌ನ ಕತೆಯಲ್ಲಿ ನನಗೆ ತುಂಬ ಪ್ರಿಯವಾದ ಭಾಗವೊಂದಿದೆ. ಲೋಹದ ವಿಮಾನ ಸಿದ್ಧವಾಗುವ ಮೊದಲು ಅದರ ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ಎಚ್‌ಎಎಲ್‌ನವರು ಪೂರ್ಣ ಗಾತ್ರದ ಮಾರುತನ್ನು ಮರದಲ್ಲೇ ಕಟ್ಟಿದರು. ಎಂಜಿನ್ ಇಲ್ಲ, ಬರೀ ಗ್ಲೈಡರ್. 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಅದನ್ನು ಎಳೆದು ಮೇಲೇರಿಸಿ, ಹಗ್ಗ ಬಿಡಿಸಿ, ತೇಲಿಸಿ ಇಳಿಸಿದರು. ಒಂದು ದೇಶ ತನ್ನ ನೆಲದಲ್ಲೇ ರೂಪಿಸಿದ ಮೊದಲ ಜೆಟ್ ಫೈಟರ್ ಹೀಗೆ ಮರ ಮತ್ತು ಅಂಟಿನ ರೂಪದಲ್ಲಿ ಮೊದಲು ಗಾಳಿ ಕುಡಿಯಿತು. ಮನೆಯ ಚಾವಡಿಯಲ್ಲಿ ಅಂಟು ಹಚ್ಚಿ ಕೂತವನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ.

ಆದರೆ ಯುದ್ಧವಿಮಾನದ ಮಾದರಿಯೆಂದರೆ ದೊಡ್ಡದನ್ನು ಸಣ್ಣದು ಮಾಡಿದರೆ ಮುಗಿಯಿತು ಎಂದಲ್ಲ. ಇಲ್ಲಿ ಒಂದು ಸರಳ ಲೆಕ್ಕ ಅಡ್ಡ ಬರುತ್ತದೆ. ಮಾರುತ್‌ನ ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್. ನಾವು ಆರಿಸಿಕೊಂಡದ್ದು ಹನ್ನೆರಡರಲ್ಲಿ ಒಂದು ಪಾಲು. ಉದ್ದ 12 ಪಟ್ಟು ತಗ್ಗಿದರೆ ರೆಕ್ಕೆಯ ವಿಸ್ತೀರ್ಣ 144 ಪಟ್ಟು ತಗ್ಗುತ್ತದೆ, ಭಾರ ಮಾತ್ರ 1,728 ಪಟ್ಟು ತಗ್ಗಬೇಕು. ಅಸಲು ವಿಮಾನ ಇಂಧನ ತುಂಬಿಕೊಂಡು ಸುಮಾರು 9 ಟನ್. 1,728ರಿಂದ ಭಾಗಿಸಿ ನೋಡಿ, 5 ಕಿಲೋ ಚಿಲ್ಲರೆ ಬರುತ್ತದೆ. ಅಷ್ಟು ಭಾರದ ಮಾದರಿ ನಮ್ಮ ಪುಟ್ಟ ರೆಕ್ಕೆಯ ಮೇಲೆ ಗಾಳಿಯಲ್ಲಿ ನಿಲ್ಲಬೇಕಾದರೆ ಗಂಟೆಗೆ ಕಡಿಮೆಯೆಂದರೂ 80 ಕಿಲೋಮೀಟರ್ ವೇಗ ಬೇಕು. ಆ ವೇಗದಲ್ಲಿ ಗದ್ದೆಗೆ ಇಳಿದರೆ ಉಳಿಯುವುದು ಚೂರುಗಳು. ಅದೇ 700 ಗ್ರಾಂ ಆಗಿದ್ದರೆ ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನಲ್ಲೂ ತೇಲುತ್ತದೆ. ಕೂಳೆಯ ಮೇಲೆ ಹೊಟ್ಟೆ ಸವರಿಕೊಂಡು ಕೂರುತ್ತದೆ. ತಕ್ಕಡಿಯ ಮುಂದೆ ನಾವು ಉಸಿರು ಹಿಡಿದು ನಿಂತದ್ದು ಇದಕ್ಕೇ.

ಭಾರದ ಮೇಲೆ ಇನ್ನೊಂದು ಕಷ್ಟ. ಯುದ್ಧವಿಮಾನವನ್ನು ಬರೆದವರ ತಲೆಯಲ್ಲಿದ್ದದ್ದು ವೇಗ. ಕಲಿಯುವವನ ಕೈಯ ತಪ್ಪನ್ನು ಮನ್ನಿಸುವ ಗುಣ ಅದರ ಆಕಾರದಲ್ಲಿ ಇಲ್ಲ. ಮಾರುತ್‌ನ ರೆಕ್ಕೆ ಹಿಂದಕ್ಕೆ ಚೆನ್ನಾಗಿ ಬಾಗಿದೆ. ಇಂಥ ರೆಕ್ಕೆ ನಿಧಾನವಾದರೆ ಮೊದಲು ತುದಿಗಳು ಸೋಲುತ್ತವೆ, ಒಂದು ಬದಿ ದಿಢೀರನೆ ಕುಸಿಯುತ್ತದೆ. ಸ್ಪಿಟ್‌ಫೈರ್, ಫಾಕೆ-ವುಲ್ಫ್‌ನಂಥ ಪ್ರೊಪೆಲ್ಲರ್ ವಿಮಾನಗಳದು ಬೇರೆಯೇ ಹಟ. ಮೂಗಿನ ಫಂಕ ಒಂದು ಬದಿಗೆ ತಿರುಗಿದರೆ ವಿಮಾನದ ಮೈ ಇನ್ನೊಂದು ಬದಿಗೆ ಹೊರಳಲು ನೋಡುತ್ತದೆ. ಪೂರ್ತಿ ಥ್ರಾಟಲ್ ಒಮ್ಮೆಲೇ ಕೊಟ್ಟರೆ ಎಡಕ್ಕೆ ಎಳೆದು ಮಗುಚುತ್ತದೆ. ಅದಕ್ಕೆಂದೇ ಮೋಟಾರನ್ನು ಎರಡು ಡಿಗ್ರಿಯಷ್ಟು ಬಲಕ್ಕೆ ವಾಲಿಸಿ ಕೂರಿಸುವುದು. ಆದ್ದರಿಂದ ಹೊಸಬರಿಗೆ ನನ್ನದು ಒಂದೇ ಮಾತು: ಮೊದಲ ವರ್ಷ ರೆಕ್ಕೆ ಮೇಲಿರುವ ಟ್ರೇನರ್ ಹಾರಿಸಿ. ವಿಮಾನ ನಿಮ್ಮ ಕಡೆಗೆ ಬರುವಾಗ ಎಡ ಬಲ ಅದಲುಬದಲಾಗುತ್ತದಲ್ಲ, ಅದು ತಲೆಗೆ ಹೋದರೆ ಸಾಲದು, ಬೆರಳಿಗೆ ಇಳಿಯಬೇಕು. ಯುದ್ಧವಿಮಾನ ಆಮೇಲೆ.

ನಮ್ಮ ಕಡೆ ಕಟ್ಟುವ ಕೆಲಸಕ್ಕೆ ಮಳೆಗಾಲವೇ ಸರಿಯಾದ ಕಾಲ. ಆಗುಂಬೆ ಘಟ್ಟದ ಕೆಳಗಿನ ಊರು ಇದು. ಹೆಬ್ರಿ ಕಡೆಯಿಂದ ಮಳೆ ಒಮ್ಮೆ ಹಿಡಿದರೆ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಮಾದರಿ ವಿಮಾನಕ್ಕೆ ಬಳಸುವ ಹಗುರವಾದ ಬಾಲ್ಸಾ ಮರ ಈ ತೇವ ಕುಡಿದು ಬಾಗುತ್ತದೆ. ಹಾಗಾಗಿ ನಾವು ಹಿಡಿದದ್ದು ಸನ್‌ಬೋರ್ಡ್, ಫೋಟೊ ಮತ್ತು ಫಲಕ ಅಂಟಿಸುವವರು ಬಳಸುವ ಹಾಳೆ. ಉಡುಪಿಯಿಂದ ತಂದೆವು. ಅದರ ಎರಡೂ ಮೈಗೆ ಪ್ಲಾಸ್ಟಿಕ್ಕಿನ ತೆಳು ಪದರ ಅಂಟಿರುತ್ತದೆ. ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಬಾಳೆಎಲೆಯ ದಿಂಡಿನಿಂದ ನಾರು ಎಳೆಯುವ ಹಾಗೆ, ಚಪ್ಪಟೆಯಾಗಿ ಹಿಂದಕ್ಕೆ ಎಳೆಯಬೇಕು. ಮೇಲಕ್ಕೆ ಎಳೆದರೆ ಒಳಗಿನ ನೊರೆಹಾಳೆ ಹರಿಯುತ್ತದೆ. ಪದರ ಸುಲಿದ ಹಾಳೆಯನ್ನು ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ. ಹುಡುಗ ಇದರಲ್ಲಿ ನನಗಿಂತ ನಿಪುಣನಾದ. ಅವನು ಸುಲಿದ ಹಾಳೆ ಕನ್ನಡಿಯ ಹಾಗೆ ಇರುತ್ತದೆ, ನನ್ನದರಲ್ಲಿ ಗಾಯಗಳು.

ಹಗುರದ ಬೆಲೆ ಪೆರ್ಡೂರಿಗೆ ಹೊಸತಲ್ಲ. ಈ ಊರ ಹೆಸರಿನ ಯಕ್ಷಗಾನ ಮೇಳವೇ ಉಂಟು. ವೇಷದ ಆಭರಣಗಳನ್ನು ಹಗುರ ಮರದಲ್ಲಿ ಕೆತ್ತಿ ಮೇಲೆ ಬೇಗಡೆ ಹಚ್ಚುವುದನ್ನು ಚಿಕ್ಕಂದಿನಲ್ಲಿ ನಾನು ಗಂಟೆಗಟ್ಟಲೆ ಕೂತು ನೋಡಿದ್ದೇನೆ. ದೂರದಿಂದ ನೋಡಿದವನಿಗೆ ಅದು ಅಪ್ಪಟ ಬಂಗಾರ, ಹೊತ್ತು ಕುಣಿಯುವವನಿಗೆ ಹೂವಿನ ಭಾರ. ಮರ ಒಂದಿಷ್ಟು ದಪ್ಪ ಉಳಿದರೂ ಬೆಳಗಾಗುವ ಹೊತ್ತಿಗೆ ಕಲಾವಿದನ ಕತ್ತು ಸೋಲುತ್ತದೆ. ಮಾದರಿ ವಿಮಾನದ ಕೆಲಸವೂ ಅದೇ ಜಾತಿಯದು. ಕಣ್ಣಿಗೆ ಲೋಹ ಕಾಣಬೇಕು, ರೆಕ್ಕೆಗೆ ನೊರೆ ಸಿಗಬೇಕು. ಬಣ್ಣ ಹಚ್ಚುವಾಗಲೂ ಎಚ್ಚರ ಬೇಕು. ಡಬ್ಬಿಯ ಸ್ಪ್ರೇ ಪೇಂಟು ತಾಗಿದರೆ ಈ ಹಾಳೆ ಸಕ್ಕರೆಯ ಹಾಗೆ ಕರಗಿ ಹೋಗುತ್ತದೆ. ನೀರಿನಲ್ಲಿ ಕರಗುವ ಬಣ್ಣವನ್ನೇ ತೆಳ್ಳಗೆ ಎರಡು ಕೈ ಹೊಡೆಯಬೇಕು. ರೆಕ್ಕೆಯೊಳಗೆ ಒಂದು ಕಾರ್ಬನ್ ಕೋಲು ಹಾಕಿದ್ದೇವೆ, ಬೆನ್ನುಮೂಳೆಯ ಹಾಗೆ. ಉಳಿದದ್ದೆಲ್ಲ ಹಾಳೆ, ಅಂಟು ಮತ್ತು ತಾಳ್ಮೆ.

ಎಂಜಿನ್ನಿನ ವಿಷಯದಲ್ಲಿ ಒಂದು ರಾಜಿ ಮಾಡಿಕೊಂಡೆವು. ಅಸಲು ಮಾರುತ್‌ಗೆ ಎರಡು ಆರ್ಫಿಯಸ್ ಜೆಟ್ ಎಂಜಿನ್. ಅವು ಆ ವಿಮಾನಕ್ಕೆ ಸಾಲದ ಎಂಜಿನ್‌ಗಳು. ಟ್ಯಾಂಕ್ ಮನಸ್ಸಿನಲ್ಲಿಟ್ಟಿದ್ದ ಹೆಚ್ಚು ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಆ ಆಕಾರಕ್ಕೆ ತಕ್ಕ ವೇಗ ಅದಕ್ಕೆ ಒಲಿಯಲೇ ಇಲ್ಲ. ಆದರೂ 147 ವಿಮಾನಗಳು ತಯಾರಾದವು, 1967ರಿಂದ ವಾಯುಪಡೆ ಸೇರಿದವು, 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಹಾರಿ ಕೊಟ್ಟ ಕೆಲಸ ಮಾಡಿ ಬಂದವು. ಮಾದರಿಯಲ್ಲಿ ಜೆಟ್ಟಿನ ಬದಲು ಕೊಳವೆಯೊಳಗೆ ತಿರುಗುವ ಡಕ್ಟೆಡ್ ಫ್ಯಾನ್ ಹಾಕುವವರಿದ್ದಾರೆ. ಸದ್ದು ಸೊಗಸು, ಆದರೆ ಬ್ಯಾಟರಿ ತಿನ್ನುತ್ತದೆ. ನಾವು ರೆಕ್ಕೆಯ ಹಿಂದೆ ಬೆನ್ನಿನಲ್ಲಿ ಒಂದು ಸೀಳು ಕೊರೆದು ಅದರೊಳಗೆ 6 ಇಂಚಿನ ಪ್ರೊಪೆಲ್ಲರ್ ಕೂರಿಸಿದೆವು. ತಿರುಗುವಾಗ ಅದು ಕಾಣುವುದಿಲ್ಲ. 2200 ಎಂಎಎಚ್‌ನ ಮೂರು ಸೆಲ್ಲಿನ ಲಿಪೋ ಬ್ಯಾಟರಿಯಲ್ಲಿ ಆರು ನಿಮಿಷದ ಹಾರಾಟ. ಲಿಪೋ ಚಾರ್ಜ್ ಮಾಡುವುದು ಅಂಗಳದ ಮೂಲೆಯಲ್ಲಿ, ಮಣ್ಣಿನ ಮಡಕೆಯೊಳಗಿಟ್ಟು, ಕಣ್ಣ ಮುಂದೆಯೇ. ಉಬ್ಬಿದ ಬ್ಯಾಟರಿ ಬೆಂಕಿಯ ಗುಳಿಗೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಕಟ್ಟಿದ ಮೇಲೆ ಹದಗೊಳಿಸುವುದೇ ನಿಜವಾದ ವಿದ್ಯೆ. ಗುರುತ್ವಕೇಂದ್ರ ಎಲ್ಲಿ ಬೀಳಬೇಕು? ನೇರ ರೆಕ್ಕೆಗಾದರೆ ಮುಂಚೂಣಿಯ ಅಂಚಿನಿಂದ ಹಿಂದಕ್ಕೆ ಕಾಲು ಭಾಗದಷ್ಟು ಎಂದುಬಿಡಬಹುದು. ಬಾಗಿದ ರೆಕ್ಕೆಗೆ ಆ ಲೆಕ್ಕ ಬುಡದಲ್ಲಿ ಹಿಡಿದರೆ ತಪ್ಪಾಗುತ್ತದೆ. ಕಾಗದದ ಮೇಲೆ ಅರ್ಧ ರೆಕ್ಕೆ ಬರೆದು, ಬುಡದ ಅಗಲದ ಕೊನೆಗೆ ತುದಿಯ ಅಗಲವನ್ನೂ, ತುದಿಯ ಇನ್ನೊಂದು ಬದಿಗೆ ಬುಡದ ಅಗಲವನ್ನೂ ಸೇರಿಸಿ, ಎರಡನ್ನೂ ಓರೆ ಗೆರೆಯಿಂದ ಜೋಡಿಸಬೇಕು. ರೆಕ್ಕೆಯ ನಡುಗೆರೆಯನ್ನು ಅದು ಎಲ್ಲಿ ಕಡಿಯುತ್ತದೋ ಅಲ್ಲಿನ ಅಗಲವೇ ಸರಾಸರಿ ಅಗಲ. ಅದರ ಕಾಲು ಭಾಗವೇ ನಮಗೆ ಬೇಕಾದ ಜಾಗ. ಹುಡುಗ ಇದನ್ನು ತನ್ನ ಗಣಿತದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದ. ಆಮೇಲೆ ನಾನು ವಿಮಾನವನ್ನು ಎರಡು ತೋರುಬೆರಳ ಮೇಲೆ ಎತ್ತಿ ಹಿಡಿದೆ, ಅವನು ಬ್ಯಾಟರಿಯನ್ನು ನೂಲಿನಷ್ಟು ಮುಂದೆ, ನೂಲಿನಷ್ಟು ಹಿಂದೆ ಜರುಗಿಸಿದ. ಮೂಗು ಒಂದಿಷ್ಟೇ ತಗ್ಗಿ ನಿಂತಾಗ ಪೆನ್ಸಿಲ್ ಗುರುತು ಹಾಕಿದೆವು. ಬೆಂಗಳೂರಿನದೇ ಆದ ತೇಜಸ್ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ಕಟ್ಟಿದ್ದಾರೆ. ಅದರ ಕಂಪ್ಯೂಟರ್ ಕ್ಷಣಕ್ಷಣವೂ ಸಂಭಾಳಿಸುತ್ತದೆ. ನಮ್ಮಲ್ಲಿ ಸಂಭಾಳಿಸಲು ಇರುವುದು ಎರಡು ಹೆಬ್ಬೆರಳು ಮಾತ್ರ. ಮೂಗು ಭಾರವಾದ ವಿಮಾನ ಸರಿಯಾಗಿ ಹಾರುವುದಿಲ್ಲ, ಬಾಲ ಭಾರವಾದ ವಿಮಾನ ಒಮ್ಮೆ ಮಾತ್ರ ಹಾರುತ್ತದೆ ಎಂದು ಹವ್ಯಾಸಿಗಳು ಹೇಳುವುದುಂಟು.

ಆ ಮಾತು ಎಷ್ಟು ಸತ್ಯವೆಂದು ನವೆಂಬರಿನ ಒಂದು ಬೆಳಿಗ್ಗೆ ಕಂಡೆ. ಮಳೆಗಾಲದ ಏಣಿಲು ಬೆಳೆಯ ಕೊಯ್ಲು ಮುಗಿದು ಬೈಲು ಗದ್ದೆಗಳಲ್ಲಿ ಬರೀ ಕೂಳೆ ಉಳಿದಿತ್ತು. ಏಳು ಗಂಟೆ, ಮಂಜು ಸರಿದಿತ್ತು, ಎಲೆ ಅಲುಗುತ್ತಿರಲಿಲ್ಲ. ಮೂವತ್ತು ಹೆಜ್ಜೆ ದೂರ ಹೋಗಿ ರೇಡಿಯೋದ ಹಿಡಿತ ನೋಡಿದೆವು. ಟ್ರಾನ್ಸ್‌ಮಿಟರ್ ಆರಿಸಿದರೆ ಮೋಟಾರು ತಾನಾಗಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದೆವು. ಬಲಕ್ಕೆ ಕಡ್ಡಿ ಒತ್ತಿದಾಗ ಬಲಗಡೆಯ ಬಾಲದ ಫಲಕ ಮೇಲೆದ್ದಿತು. ಎಲ್ಲ ಸರಿ. ಮಾರುತ್‌ನ ರೆಕ್ಕೆ ಹೊಟ್ಟೆಯ ಕೆಳಗಿದೆ, ಹಿಂದೆ ಫಂಕ ತಿರುಗುತ್ತದೆ. ಕೈಯಿಂದ ಎಸೆಯುವುದು ಬೆರಳಿಗೆ ಅಪಾಯ. ಅದಕ್ಕೆ ನೆಲಕ್ಕೆ ಗೂಟ ಹೊಡೆದು, ಉದ್ದನೆಯ ರಬ್ಬರ್ ಹಗ್ಗ ಎಳೆದು, ಕವಣೆಯ ಹಾಗೆ ಬಿಟ್ಟೆವು.

ಅದು ಹೊರಟ ಚಂದ ಹೇಳಿ ತೀರದು. ಎರಡು ಸೆಕೆಂಡು. ಆಮೇಲೆ ಮೂಗು ಆಕಾಶಕ್ಕೆ ಎದ್ದಿತು, ನಾನು ಕಡ್ಡಿಯನ್ನು ಪೂರ್ತಿ ಮುಂದೆ ಒತ್ತಿದರೂ ಇಳಿಯಲಿಲ್ಲ. ಗಾಳಿಯಲ್ಲೇ ನಿಂತು, ಎಡರೆಕ್ಕೆ ಕುಸಿದು, ಪಕ್ಕದ ಅಡಿಕೆ ತೋಟದೊಳಗೆ ಹೋಯಿತು. ತಪ್ಪು ನನ್ನದೇ. ಬ್ಯಾಟರಿಗೆ ಒಂದೇ ವೆಲ್ಕ್ರೋ ಪಟ್ಟಿ ಸಾಕೆಂದುಕೊಂಡಿದ್ದೆ. ರಬ್ಬರಿನ ಎಳೆತಕ್ಕೆ ವಿಮಾನ ಮುಂದೆ ನುಗ್ಗಿತು, ಬ್ಯಾಟರಿ ಹಿಂದಕ್ಕೆ ಜಾರಿತು. ಪೆನ್ಸಿಲ್ ಗುರುತಿಗೆ ಅರ್ಥವೇ ಉಳಿಯಲಿಲ್ಲ.

ಅಡಿಕೆ ಮರದ ಹೆಡೆಗಳ ನಡುವೆ ಮಾರುತ್ ಸಿಕ್ಕಿಕೊಂಡಿತ್ತು. ತೋಟದ ಯಜಮಾನರು ಬಂದು ತಲೆ ಎತ್ತಿ ನೋಡಿ, ‘ಎಂಥ ಮಾರಾಯ, ಯುದ್ಧ ಶುರುವಾಯ್ತಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮನೆಗೆ ಹೋಗಿ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ತಂದರು. ಕೂಸನ್ನು ಎತ್ತಿಕೊಳ್ಳುವಷ್ಟು ಜೋಪಾನವಾಗಿ ಅವರು ಅದನ್ನು ಬಿಡಿಸಿದರು. ಹುಡುಗ ಕೆಳಗೆ ಬೆಡ್‌ಶೀಟ್ ಹಿಡಿದು ನಿಂತಿದ್ದ. ಮೂಗು ಜಜ್ಜಿತ್ತು, ರೆಕ್ಕೆ ಉಳಿದಿತ್ತು. ಆ ರಾತ್ರಿಯೇ ಬ್ಯಾಟರಿಯ ಹಿಂದೆ ಬಾಲ್ಸಾದ ಅಡ್ಡಗೋಡೆ ಕೂರಿಸಿದೆವು, ಎರಡನೆಯ ಪಟ್ಟಿ ಬಿಗಿದೆವು. 4 ಗ್ರಾಂ ಹೆಚ್ಚಾಯಿತು.

ಮುಂದಿನ ಭಾನುವಾರ ಅದು ಹಾರಿತು. ಬೈಲಿನ ಮೇಲೆ ಎರಡು ಸುತ್ತು ಬರುವವರೆಗೆ ಯಾರೂ ಮಾತಾಡಲಿಲ್ಲ. ಬೆಳಗಿನ ಬಿಸಿಲು ಬಾಗಿದ ರೆಕ್ಕೆಯ ಕೆಳಮೈಗೆ ಬಿದ್ದಾಗ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯದ ಅಂಗಳದಲ್ಲಿ ನಿಂತ ಮಾರುತನ್ನು ಹುಡುಗನಾಗಿದ್ದಾಗ ನೋಡಿದ ನೆನಪು ಬಂತು. ನಿಂತದ್ದನ್ನು ಮಾತ್ರ ಕಂಡಿದ್ದ ನಾನು ಅದು ಹಾರುವುದನ್ನು ಮೊದಲ ಸಲ ನೋಡಿದ್ದು ನನ್ನ ಊರಿನ ಗದ್ದೆಯ ಮೇಲೆ. ಗರುಡವೊಂದು ಬಂದು ಪಕ್ಕದಲ್ಲೇ ಒಂದು ಸುತ್ತು ತಿರುಗಿತು. ಹಕ್ಕಿ ಹತ್ತಿರ ಬಂದರೆ ನಾವು ಇಳಿಸಿಬಿಡುತ್ತೇವೆ, ಆಕಾಶ ಮೊದಲು ಅದರದು. ಹನ್ನೊಂದರ ಮೇಲೆ ಕಡಲ ಕಡೆಯ ಗಾಳಿ ಏಳುತ್ತದೆ, ಅಷ್ಟರೊಳಗೆ ಎಲ್ಲ ಕಟ್ಟಿಕೊಂಡು ಮನೆಗೆ.

ಈ ಹವ್ಯಾಸ ಬರೀ ಆಟವಲ್ಲವೆಂದು ಹೇಳಲು ಇತಿಹಾಸವೇ ಸಾಕು. 1937ರಲ್ಲಿ ಅಮೆರಿಕದ ಗುಡ್ ಸಹೋದರರು ರೇಡಿಯೋದಿಂದ ನಡೆಸಿದ ‘ಗಫ್’ ಎಂಬ ಮಾದರಿ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಹಾಲಿವುಡ್ ನಟ ರೆಜಿನಾಲ್ಡ್ ಡೆನ್ನಿ ಮಾದರಿ ವಿಮಾನದ ಹುಚ್ಚಿನಿಂದ ಶುರುಮಾಡಿದ ಕಂಪನಿ ಎರಡನೆಯ ಮಹಾಯುದ್ಧದಲ್ಲಿ ಗುರಿ ಅಭ್ಯಾಸದ ವಿಮಾನಗಳನ್ನು ಸಾವಿರಗಟ್ಟಲೆ ಮಾಡಿತು. ಅದೇ ವಂಶದ ‘ಲಕ್ಷ್ಯ’ವನ್ನು ರೂಪಿಸಿದ್ದು ಬೆಂಗಳೂರಿನ ಎಡಿಇ ಪ್ರಯೋಗಾಲಯ. ಎನ್‌ಸಿಸಿಯ ವಾಯು ವಿಭಾಗದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ತರಬೇತಿಯ ಭಾಗ. ನಮ್ಮಿಂದ ಅರ್ಧ ಗಂಟೆಯ ದಾರಿಯ ಮಣಿಪಾಲದ ಎಂಐಟಿಯಲ್ಲಿ ‘ಏರೋಎಂಐಟಿ’ ಎಂಬ ವಿದ್ಯಾರ್ಥಿ ತಂಡ ಇಂಥ ವಿಮಾನಗಳನ್ನು ಕಟ್ಟಿ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಒಯ್ಯುತ್ತದೆ. ಕಾಪು ತಾಲೂಕಿನ ಹೆಜಮಾಡಿಯ ಕಡಲ ತೀರದಲ್ಲಿ 2020ರಲ್ಲಿ ಕರಾವಳಿಯ ಯುವಕರೊಬ್ಬರು ತಾವೇ ಕಟ್ಟಿದ ಲಘು ವಿಮಾನದಲ್ಲಿ ಕೂತು ಹಾರಿದರು. ಕಾನೂನೂ ಇದಕ್ಕೆ ಜಾಗ ಕೊಟ್ಟಿದೆ. 2021ರ ಡ್ರೋನ್ ನಿಯಮಗಳಲ್ಲಿ ಕಲಿಕೆಗೆ, ಸಂಶೋಧನೆಗೆ, ಹವ್ಯಾಸಕ್ಕೆಂದು ಹಾರಿಸುವ ಮಾದರಿಗಳನ್ನು ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ಕಣ್ಣಳತೆಯಲ್ಲೇ ಇರಬೇಕು, ಹಸಿರು ವಲಯದಲ್ಲಿ 400 ಅಡಿ ಮೀರಬಾರದು. ನಾವು 200 ಅಡಿಯನ್ನೂ ದಾಟುವುದಿಲ್ಲ, ಅದಕ್ಕಿಂತ ಮೇಲೆ ಹೋದರೆ ವಿಮಾನದ ಮುಖ ಯಾವ ಕಡೆಗಿದೆ ಎಂದೇ ತಿಳಿಯುವುದಿಲ್ಲ.

ಈಗ ಮತ್ತೆ ಮಳೆ ಹಿಡಿದಿದೆ. ಚಾವಡಿಯ ಗೋಡೆಯ ಮೇಲೆ ಹೊಸ ನಕ್ಷೆ: ಫ್ರೆಂಚರ ಮಿಸ್ಟೇರ್. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಹಾರಿಸಿದ್ದು ಆ ವಿಮಾನ. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಬೆನ್ನು ಹತ್ತಿದಾಗ ಅವರು ತಿರುಗಿ ನಿಂತು ಅದನ್ನು ಉರುಳಿಸಿದರು, ತಾವು ಮರಳಲಿಲ್ಲ. ಆ ಸಾಹಸ ಹೊರಲೋಕಕ್ಕೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಹುಡುಗ ಈ ಸಲ ಕೇಳಿ ಆರಿಸಿಕೊಂಡದ್ದಲ್ಲ, ತಾನೇ ಓದಿ ಆರಿಸಿದ್ದು. ‘ಮಾವ, ಇದರ ರೆಕ್ಕೆಯೂ ಬಾಗಿದೆ. ಬ್ಯಾಟರಿ ಗೋಡೆ ಮೊದಲೇ ಹಾಕುವ’ ಎಂದ. ನಿನ್ನೆ ರಾತ್ರಿ ಕರೆಂಟು ಹೋದಾಗ ಟಾರ್ಚ್ ಬೆಳಕಿನಲ್ಲಿ ಮೂಗಿನ ಮೊದಲ ಅಡ್ಡಪಟ್ಟಿ ಕತ್ತರಿಸಿದೆವು. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಇಟ್ಟು ನೋಡಿದ. 3 ಗ್ರಾಂ.